ಓದಿದ ಕಥೆ ಪರದೆಗೆ ಬಂದಾಗ ಜಗಳವೇಕೆ?

ಹ್ಯಾರಿ ಪಾಟರ್ ಸರಣಿಯಲ್ಲಿ ಒಟ್ಟು ಎಂಟು ಸಿನಿಮಾಗಳು. ಮೂರನೆಯದು 2004ರಲ್ಲಿ ಬಂದ ‘ಪ್ರಿಸನರ್ ಆಫ್ ಅಜ್ಕಬಾನ್’. ವಿಮರ್ಶಕರಲ್ಲಿ ಹಲವರು ಅದನ್ನು ಎಂಟರಲ್ಲೇ ಮೇಲಿನದೆಂದು ಹೊಗಳುತ್ತಾರೆ. ಎಂಟರಲ್ಲಿ ಅತಿ ಕಡಿಮೆ ಗಳಿಕೆ ಕಂಡದ್ದೂ ಅದೇ. ಪುಸ್ತಕಗಳನ್ನು ಅರೆದು ಕುಡಿದ ಓದುಗರು ‘ಮುಖ್ಯವಾದದ್ದನ್ನೇ ಬಿಟ್ಟುಬಿಟ್ಟರು’ ಎಂದು ಮುನಿಸಿಕೊಂಡದ್ದೂ ಅದರ ಮೇಲೆಯೇ. ಸಿನಿಮಾ ಒಂದೇ, ತೀರ್ಪು ಮೂರು.

ಇದನ್ನೆಲ್ಲ ‘ಅವರವರ ರುಚಿ’ ಎಂದು ಬದಿಗೆ ಸರಿಸಬಹುದು. ಆದರೆ ರುಚಿಯ ಹಿಂದೆ ಕಾರಣಗಳಿರುತ್ತವೆ, ಅವನ್ನು ಬಿಡಿಸಿ ನೋಡುವುದು ಅಷ್ಟೇನೂ ಕಷ್ಟವಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಮನೆಗಳಲ್ಲಿ ಈ ಚರ್ಚೆ ಮತ್ತೆ ಏಳುವ ಸಂದರ್ಭವೂ ಇದೆ. ನಿತೇಶ್ ತಿವಾರಿ ನಿರ್ದೇಶನದ ‘ರಾಮಾಯಣ’ 2026 ಮತ್ತು 2027ರ ದೀಪಾವಳಿಗಳಿಗೆ ಎರಡು ಭಾಗಗಳಾಗಿ ಬರುವುದೆಂದು ಘೋಷಣೆಯಾಗಿದೆ. ಅದರಲ್ಲಿ ರಾವಣನಾಗುವವರು ನಮ್ಮ ಯಶ್. 2023ರ ಜೂನ್‌ನಲ್ಲಿ ಬಂದ, ರಾಮಾಯಣದ್ದೇ ಕಥೆಯ ‘ಆದಿಪುರುಷ್’ ನೆನಪಿರುವವರಿಗೆ ಮುಂದೇನಾಗಬಹುದೆಂಬ ಅಂದಾಜು ಇದ್ದೇ ಇದೆ. ರಾವಣನ ಕೇಶಾಲಂಕಾರದಿಂದ ಹಿಡಿದು ಹನುಮಂತನ ಮಾತಿನ ತನಕ ಜನ ತಗಾದೆ ತೆಗೆದರು. ಕೊನೆಗೆ ಬಿಡುಗಡೆಯಾದ ಮೇಲೂ ಕೆಲವು ಸಂಭಾಷಣೆಗಳನ್ನು ಬದಲಿಸಬೇಕಾಯಿತು.

ರಾಮಾಯಣವನ್ನು ಹ್ಯಾರಿ ಪಾಟರ್ ಪಕ್ಕದಲ್ಲಿಡುವುದು ಕೆಲವರಿಗೆ ಸರಿಕಾಣದು. ನಂಬಿಕೆಯ ದೃಷ್ಟಿಯಿಂದ ಎರಡೂ ಒಂದಲ್ಲ, ನಿಜ. ಆದರೆ ಸಿನಿಮಾ ಮಾಡಹೊರಟವರ ಮುಂದೆ ಎರಡೂ ಒಡ್ಡುವ ಸವಾಲು ಒಂದೇ ಬಗೆಯದು. ಕಥೆ ಉದ್ದ, ಪಾತ್ರಗಳು ಅನೇಕ, ಕಣ್ಣಿಗೆ ಕಂಡಿರದ ಲೋಕ, ಮತ್ತು ಅದನ್ನು ಆಗಲೇ ಮನಸ್ಸಿನಲ್ಲಿ ಚಿತ್ರಿಸಿಕೊಂಡಿರುವ ಲಕ್ಷಾಂತರ ಜನ. ಪುಸ್ತಕದ ಕಥೆಯನ್ನು ಪರದೆಗೆ ಒಗ್ಗಿಸುವ ಈ ಕೆಲಸಕ್ಕೆ ರೂಪಾಂತರ ಎನ್ನುತ್ತಾರೆ. ಅದು ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ.

ಎಲ್ಲಕ್ಕೂ ಮೊದಲು ಬರುವುದು ಹೊತ್ತಿನ ಲೆಕ್ಕ. ಚಿತ್ರಕಥೆಯ ಒಂದು ಪುಟ ಪರದೆಯ ಮೇಲೆ ಸುಮಾರು ಒಂದು ನಿಮಿಷ ಎಂಬುದು ಸಿನಿಮಾದವರ ಒರಟು ಅಂದಾಜು. ಚಿತ್ರಕಥೆಯ ಪುಟವೆಂದರೆ ಕಾದಂಬರಿಯ ಪುಟದಂತೆ ಒತ್ತಾಗಿ ತುಂಬಿದ್ದಲ್ಲ; ನಾಲ್ಕು ಸಾಲು ವಿವರ, ಆರೇಳು ಸಾಲು ಮಾತು, ಉಳಿದದ್ದು ಖಾಲಿ ಜಾಗ. ಹ್ಯಾರಿ ಪಾಟರ್ ಸರಣಿಯ ಐದನೆಯ ಪುಸ್ತಕ ಏಳರಲ್ಲಿ ಅತಿ ದೊಡ್ಡದು: 38 ಅಧ್ಯಾಯ, ಏಳುನೂರೈವತ್ತಕ್ಕೂ ಹೆಚ್ಚು ಪುಟ. ಅದರ ಸಿನಿಮಾ 138 ನಿಮಿಷ. ಎಂಟು ಸಿನಿಮಾಗಳಲ್ಲಿ ಅದಕ್ಕಿಂತ ಚಿಕ್ಕದು ಕೊನೆಯದೊಂದೇ. ಅಂದರೆ ಅತಿ ದೊಡ್ಡ ಪುಸ್ತಕಕ್ಕೆ ಹೆಚ್ಚುಕಡಿಮೆ ಅತಿ ಚಿಕ್ಕ ಸಿನಿಮಾ. ಹೀಗಾದಾಗ ಬಿಟ್ಟದ್ದು ಇಟ್ಟದ್ದಕ್ಕಿಂತ ಹೆಚ್ಚಾಗುವುದು ಸಹಜ.

ಹಾಗಾದರೆ ಏನನ್ನು ಬಿಡುತ್ತಾರೆ? ತೆಗೆದರೂ ಕಥೆ ಮುರಿಯದಂಥದ್ದನ್ನು. ಮೊದಲ ಪುಸ್ತಕದಿಂದಲೇ ಶಾಲೆಯ ತುಂಬ ಕಿಡಿಗೇಡಿತನ ಮಾಡುತ್ತ ಓಡಾಡುವ ಪೀವ್ಸ್ ಎಂಬ ತುಂಟ ಭೂತವೊಂದಿದೆ. ಮೊದಲ ಸಿನಿಮಾಕ್ಕೆ ರಿಕ್ ಮೇಯಲ್ ಎಂಬ ನಟ ಆ ಪಾತ್ರ ಮಾಡಿದ್ದರು, ಚಿತ್ರೀಕರಣವೂ ಆಗಿತ್ತು. ಸಂಕಲನದ ಮೇಜಿನಲ್ಲಿ ಪೂರ್ತಿ ಹೋಯಿತು. ಟಾಲ್ಕಿನ್ ಬರೆದ ‘ಲಾರ್ಡ್ ಆಫ್ ದಿ ರಿಂಗ್ಸ್’ ಓದಿದವರು ಟಾಮ್ ಬಾಂಬಡಿಲ್ ಎಲ್ಲಿ ಹೋದ ಎಂದು ಇನ್ನೂ ಕೇಳುತ್ತಲೇ ಇದ್ದಾರೆ. ನಿರ್ದೇಶಕ ಪೀಟರ್ ಜಾಕ್ಸನ್ ಅವನನ್ನು ಸಿನಿಮಾದೊಳಗೆ ಬಿಟ್ಟುಕೊಳ್ಳಲೇ ಇಲ್ಲ.

ಸರಣಿಯಾದರೆ ತೊಂದರೆ ಇನ್ನಷ್ಟು. ಇಂದು ಬಿಟ್ಟದ್ದು ನಾಳೆ ಬೇಕಾಗಬಹುದು. ಹ್ಯಾರಿ ಪಾಟರ್ ಲೇಖಕಿ ರೌಲಿಂಗ್ ಅವರ ಏಳನೆಯ ಪುಸ್ತಕ ಹೊರಬಂದದ್ದು 2007ರ ಜುಲೈಯಲ್ಲಿ. ಐದನೆಯ ಸಿನಿಮಾ ತೆರೆಕಂಡದ್ದೂ ಅದೇ ತಿಂಗಳು. ಅಂದರೆ ಮೊದಲ ಐದು ಸಿನಿಮಾಗಳ ಚಿತ್ರಕಥೆ ಬರೆದವರಿಗೆ ಕಥೆ ಎಲ್ಲಿ ಹೋಗಿ ಮುಟ್ಟುತ್ತದೆಂಬುದೇ ಗೊತ್ತಿರಲಿಲ್ಲ. ಐದನೆಯದರ ಚಿತ್ರಕಥೆಯಿಂದ ಕ್ರೀಚರ್ ಎಂಬ ಮನೆಯಾಳನ್ನು ಕೈಬಿಡಲು ಹೊರಟಾಗ, ಅವನಿರಲಿ, ಮುಂದೆ ಬೇಕಾಗುತ್ತಾನೆ ಎಂದು ಲೇಖಕಿಯೇ ಎಚ್ಚರಿಸಿ ಉಳಿಸಿಕೊಂಡರು. ಹೀಗೆ ಹೇಳುವವರು ಎಲ್ಲ ಕಡೆಯೂ ಇರುವುದಿಲ್ಲವಲ್ಲ.

ಮೂರನೆಯ ಸಿನಿಮಾಕ್ಕೆ ಮರಳೋಣ. ಅದರಲ್ಲಿ ಹ್ಯಾರಿಯ ಕೈಗೆ ಮಾಯದ ನಕಾಶೆಯೊಂದು ಸಿಗುತ್ತದೆ. ಶಾಲೆಯೊಳಗೆ ಯಾರು ಎಲ್ಲಿದ್ದಾರೆಂದು ತೋರಿಸುವ ನಕಾಶೆ. ಅದನ್ನು ಮಾಡಿದವರ ನಾಲ್ಕು ಅಡ್ಡಹೆಸರುಗಳು ಅದರ ಮೇಲಿವೆ. ಆ ನಾಲ್ವರು ಹ್ಯಾರಿಯ ಸತ್ತ ತಂದೆ ಮತ್ತು ಅವನ ಮೂವರು ಗೆಳೆಯರು ಎಂಬುದನ್ನು ಪುಸ್ತಕ ಬಿಡಿಸಿ ಹೇಳುತ್ತದೆ. ಒಬ್ಬ ಈಗ ಮೇಷ್ಟ್ರು, ಒಬ್ಬ ಜೈಲಿನಿಂದ ತಪ್ಪಿಸಿಕೊಂಡವ, ಇನ್ನೊಬ್ಬ ದ್ರೋಹಿ. ತಂದೆ ಜಿಂಕೆಯ ರೂಪ ತಾಳಬಲ್ಲವನಾಗಿದ್ದ. ಆದ್ದರಿಂದಲೇ ಕೊನೆಯಲ್ಲಿ ಕೊಳದಾಚೆಯಿಂದ ಬೆಳಕಿನ ಜಿಂಕೆಯೊಂದು ಬಂದು ಕಾಪಾಡಿದಾಗ ಓದುಗನ ಗಂಟಲು ಕಟ್ಟುತ್ತದೆ. ಸಿನಿಮಾದಲ್ಲಿ ನಕಾಶೆ ಇದೆ, ಜಿಂಕೆಯೂ ಇದೆ, ಎರಡನ್ನೂ ಬೆಸೆಯುವ ವಿವರ ಇಲ್ಲ. ಓದದೆ ಬಂದವನಿಗೆ ಚಂದದ ಜಿಂಕೆ ಕಂಡಿತು, ಅಷ್ಟೇ. ಎರಡು ನಿಮಿಷದ ಮಾತಿಗೂ ಜಾಗವಿರಲಿಲ್ಲವೇ ಎಂಬ ಓದುಗರ ಸಿಟ್ಟಿನಲ್ಲಿ ನ್ಯಾಯವಿದೆ ಎಂದೇ ನನಗನಿಸುತ್ತದೆ. ಅದೇ ಸಿನಿಮಾ, ಹಿಂದಿನ ಎರಡಕ್ಕಿಂತ ಚೆನ್ನಾಗಿ, ಆ ಶಾಲೆಯ ಚಳಿ, ಮಳೆ, ಭಯ ಎಲ್ಲವನ್ನೂ ಮೈಗೆ ತಾಗಿಸಿತು ಎಂಬುದೂ ಸುಳ್ಳಲ್ಲ. ನಿರ್ದೇಶಕ ಅಲ್ಫೊನ್ಸೊ ಕ್ವಾರೋನ್ ವಿವರ ಕೊಟ್ಟು ವಾತಾವರಣ ಕೊಂಡುಕೊಂಡರು. ಮೆಚ್ಚಿದವರು ಕೊಂಡದ್ದನ್ನು ನೋಡಿದರು, ಮುನಿದವರು ಕೊಟ್ಟದ್ದನ್ನು ನೋಡಿದರು.

ಹೊತ್ತಿನ ನಂತರದ ತೊಡಕು ಒಳಗಿನ ಮಾತಿನದು. ಕಾದಂಬರಿ ಪಾತ್ರದ ಮನಸ್ಸಿನೊಳಗೆ ಹೊಕ್ಕು ಅವನೇನು ಯೋಚಿಸಿದನೆಂದು ನೇರ ಹೇಳಬಲ್ಲದು. ಕ್ಯಾಮೆರಾಕ್ಕೆ ಮನಸ್ಸು ಕಾಣದು, ಮುಖ ಕಾಣುತ್ತದೆ. ಒಳಗಿನ ಗಾಬರಿಯನ್ನು ಹೊರಗಿನ ಚಲನೆಯಾಗಿ ಮಾಡಲೇಬೇಕು. ಇದರಿಂದ ಎಂಥ ಪೇಚಾಟವಾಗುತ್ತದೆ ಎಂಬುದಕ್ಕೆ ಉದಾಹರಣೆ 2005ರ ನಾಲ್ಕನೆಯ ಹ್ಯಾರಿ ಪಾಟರ್ ಸಿನಿಮಾದ ಒಂದು ದೃಶ್ಯ; ಅದು ಜಗತ್ತಿನಾದ್ಯಂತ ನಗೆಯ ವಸ್ತುವಾಗಿದೆ. ಸ್ಪರ್ಧೆಯ ಬಟ್ಟಲಿಗೆ ನಿನ್ನ ಹೆಸರನ್ನು ನೀನೇ ಹಾಕಿದೆಯಾ ಎಂದು ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಹ್ಯಾರಿಯನ್ನು ಕೇಳುವ ಸನ್ನಿವೇಶ. ಪುಸ್ತಕದಲ್ಲಿ ಅವರು ಕೇಳುವುದು ಶಾಂತವಾಗಿ. ಸಿನಿಮಾದಲ್ಲಿ ಆ ಪಾತ್ರದ ಮೈಕೆಲ್ ಗ್ಯಾಂಬನ್ ಧಾವಿಸಿ ಬಂದು ಹುಡುಗನನ್ನು ಹಿಡಿದು ಅಲ್ಲಾಡಿಸುತ್ತಾರೆ. ಸನ್ನಿವೇಶದ ಅಪಾಯವನ್ನು ನೋಡುಗರಿಗೆ ದಾಟಿಸಲು ನಿರ್ದೇಶಕರು ಹಿಡಿದ ದಾರಿ ಅದು. ಆದರೆ ಓದುಗರು ಕಟ್ಟಿಕೊಂಡಿದ್ದ ಡಂಬಲ್‌ಡೋರ್ ಎಂದೂ ಕೈಮಾಡುವವರಲ್ಲ. ಒಂದು ದೃಶ್ಯ ಗಟ್ಟಿಯಾಯಿತು, ಒಂದು ಸ್ವಭಾವ ಕೆಟ್ಟಿತು.

ಕಲ್ಪನೆಯ ಊರಿಗೂ ಇದೇ ಗತಿ. ಆರ್.ಕೆ. ನಾರಾಯಣ್ ದಶಕಗಳ ಕಾಲ ಪುಸ್ತಕದ ಮೇಲೆ ಪುಸ್ತಕವಾಗಿ ಕಟ್ಟಿದ ಮಾಲ್ಗುಡಿ ಯಾವ ಭೂಪಟದಲ್ಲೂ ಇಲ್ಲ. ಅವರದೇ ಕಾದಂಬರಿಯನ್ನು ಆಧರಿಸಿದ 1965ರ ‘ಗೈಡ್’ ಸಿನಿಮಾದ ತಂಡ ಆ ದಕ್ಷಿಣದ ಊರನ್ನು ಬಿಟ್ಟು ರಾಜಸ್ಥಾನದ ಕೋಟೆ-ಅರಮನೆಗಳಿಗೆ ಹೋದದ್ದು ನಾರಾಯಣ್ ಅವರಿಗೆ ರುಚಿಸಲಿಲ್ಲ. ಆ ಕುರಿತು ವ್ಯಂಗ್ಯವಾಗಿ ಬರೆದೂ ಬಿಟ್ಟರು. ಮುಂದೆ ಎಂಬತ್ತರ ದಶಕದಲ್ಲಿ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಆಗುಂಬೆಯನ್ನು ಆರಿಸಿಕೊಂಡರು. ಈಗ ಮಾಲ್ಗುಡಿ ಎಂದರೆ ನಮ್ಮಲ್ಲಿ ಬಹುಮಂದಿಗೆ ಆಗುಂಬೆಯೇ. ದೃಶ್ಯ ಎಷ್ಟು ಚೆನ್ನಾಗಿದ್ದರೆ ಓದುಗನ ಸ್ವಂತ ಚಿತ್ರವನ್ನು ಅಷ್ಟು ಬೇಗ ಅಳಿಸಿಹಾಕುತ್ತದೆ.

ಕನ್ನಡದಲ್ಲಿ ಈ ಜಗಳದ ಹಳೆಯ ಮತ್ತು ದೊಡ್ಡ ಉದಾಹರಣೆ ‘ನಾಗರಹಾವು’. ತ.ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ಒಂದೇ ಸಿನಿಮಾ ಮಾಡಿದರು. ನಾಗರಹಾವನ್ನು ಕೇರೆಹಾವು ಮಾಡಿಟ್ಟರು ಎಂದು ತ.ರಾ.ಸು. ಬೇಸರಪಟ್ಟರೆಂಬ ಮಾತು ಅಂದಿನಿಂದ ಇಂದಿನವರೆಗೂ ಬಾಯಿಂದ ಬಾಯಿಗೆ ಬಂದಿದೆ. ಆದರೆ ಕಾದಂಬರಿಯ ಮುಖ ನೋಡದ ಲಕ್ಷಗಟ್ಟಲೆ ಜನರಿಗೆ ರಾಮಾಚಾರಿ ಎಂದರೆ ವಿಷ್ಣುವರ್ಧನ್, ಚಾಮಯ್ಯ ಮೇಷ್ಟ್ರೆಂದರೆ ಕೆ.ಎಸ್. ಅಶ್ವತ್ಥ್. ಚಿತ್ರದುರ್ಗದ ಓಬವ್ವನನ್ನು ಮನೆಮಾತಾಗಿಸಿದ್ದೂ ಬಹುಮಟ್ಟಿಗೆ ಆ ಸಿನಿಮಾದ ಹಾಡು, ಜಯಂತಿಯವರ ಅಭಿನಯ. ಲೇಖಕರ ದೂರೂ ಸರಿ, ಜನರ ಒಲವೂ ಸರಿ. ಅಳೆಯುವ ಕೋಲು ಬೇರೆಬೇರೆ. ಒಬ್ಬರು ಮೂರು ಪುಸ್ತಕಗಳ ಪಕ್ಕ ಇಟ್ಟು ಅಳೆದರು, ಇನ್ನೊಬ್ಬರು ಮೂರು ಗಂಟೆಯ ಅನುಭವವನ್ನಷ್ಟೇ ಅಳೆದರು.

ಇಷ್ಟು ಹೊರಗಿನ ಮಾತಾಯಿತು. ಮಂಜೇಶ್ವರದವರಿಗೆ ರೂಪಾಂತರವೆಂಬುದು ಸಿನಿಮಾ ತಂದ ಹೊಸ ಸಂಗತಿಯೇನಲ್ಲ. ಹೆದ್ದಾರಿಯಲ್ಲಿ ಸ್ವಲ್ಪ ದಕ್ಷಿಣಕ್ಕೆ ಹೋದರೆ ಸಿಗುವ ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಅವನ ಕಾಲದ ಬಗ್ಗೆ, ಕೃತಿಗಳ ಬಗ್ಗೆ ವಿದ್ವಾಂಸರು ಬಹಳ ವಾದ ಮಾಡಿದ್ದಾರೆ. ಅದು ಇಲ್ಲಿ ಬೇಡ. ಅವನ ಹೆಸರಿನಲ್ಲಿ ಪ್ರಸಿದ್ಧವಾದ ರಾಮಾಯಣದ ಯಕ್ಷಗಾನ ಪ್ರಸಂಗಗಳು ಒಂದು ದೊಡ್ಡ ಸರಣಿ. ‘ಪಂಚವಟಿ’, ‘ವಾಲಿ ಸಂಹಾರ’, ‘ಉಂಗುರ ಸಂಧಿ’ ಹೀಗೆ ಕಥೆ ತುಂಡುತುಂಡಾಗಿ ಸಾಗುತ್ತದೆ. ವಾಲ್ಮೀಕಿಯಿಂದ ಕನ್ನಡದ ತೊರವೆ ರಾಮಾಯಣ, ಅಲ್ಲಿಂದ ಈ ಪ್ರಸಂಗಗಳು, ಪ್ರಸಂಗದಿಂದ ರಂಗಸ್ಥಳ. ಇತ್ತ ಮಲಯಾಳದಲ್ಲಿ ಕೊಟ್ಟಾರಕ್ಕರದ ತಂಬುರಾನ್ ರಾಮನಾಟ್ಟ ಎಂಬ ರಂಗಕಲೆಗಾಗಿ ರಾಮಾಯಣವನ್ನು ಎಂಟು ಕಥೆಗಳಾಗಿ ಒಡೆದರು. ಏಳು ಪುಸ್ತಕಗಳ ಹ್ಯಾರಿ ಪಾಟರ್ ಎಂಟು ಸಿನಿಮಾ ಆದದ್ದು ಕಾಕತಾಳೀಯವೇ ಇರಬಹುದು. ಉದ್ದದ ಕಥೆಯನ್ನು ಎಲ್ಲಿ ಕಡಿಯಬೇಕೆಂಬ ತಲೆನೋವು ಮಾತ್ರ ಹಳೆಯದು.

ಯಕ್ಷಗಾನ ಈ ತಲೆನೋವಿಗೆ ಕಂಡುಕೊಂಡ ಉಪಾಯ ಸಿನಿಮಾದವರದ್ದಕ್ಕಿಂತ ಪೂರ್ತಿ ಬೇರೆ. ಆಟ ನೋಡಿ ಗೊತ್ತಿಲ್ಲದವರಿಗಾಗಿ ಒಂದು ಮಾತು: ಪ್ರಸಂಗ ಪುಸ್ತಕದಲ್ಲಿ ಇರುವುದು ಮುಖ್ಯವಾಗಿ ಪದ್ಯಗಳು. ಭಾಗವತರು ಪದ್ಯ ಹಾಡುತ್ತಾರೆ, ವೇಷಧಾರಿ ಅದಕ್ಕೆ ಕುಣಿಯುತ್ತಾನೆ, ಆಮೇಲೆ ಅದರ ಅರ್ಥವನ್ನು ಆಡುಮಾತಿನಲ್ಲಿ ಹೇಳುತ್ತಾನೆ. ಆ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಅಂದಂದಿಗೆ, ಎದುರಿನವನು ಏನು ಹೇಳಿದನೋ ಅದಕ್ಕೆ ಹೊಂದಿಸಿ, ಕಲಾವಿದನೇ ಕಟ್ಟಬೇಕು. ವೇಷ, ಕುಣಿತ ಎರಡನ್ನೂ ಬಿಟ್ಟು ಕೂತು ಮಾತಿನಲ್ಲೇ ನಡೆಸಿದರೆ ಅದು ತಾಳಮದ್ದಳೆ. ಸಿನಿಮಾಕ್ಕೆ ಒಳಗಿನ ಮಾತು ಹೇಳಲು ಬರುವುದಿಲ್ಲ ಎಂದೆವಲ್ಲ, ಇಲ್ಲಿ ಪಾತ್ರ ತನ್ನ ಮನಸ್ಸಿನಲ್ಲಿ ಇರುವುದನ್ನೆಲ್ಲ ಬಾಯಿಬಿಟ್ಟೇ ಹೇಳುತ್ತದೆ. ಹೊತ್ತಿನ ಅವಸರವೂ ಅಷ್ಟಾಗಿ ಇಲ್ಲ.

ವಾಲಿಯ ಸಾವನ್ನೇ ತೆಗೆದುಕೊಳ್ಳಿ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ಬಿದ್ದಲ್ಲಿಂದಲೇ ವಾಲಿ ಕೇಳುತ್ತಾನೆ, ರಾಮ ಉತ್ತರಿಸುತ್ತಾನೆ. ಪ್ರಸಂಗದಲ್ಲಿ ಇದಕ್ಕೆ ಇರುವುದು ಕೆಲವೇ ಪದ್ಯ. ಒಳ್ಳೆಯ ಇಬ್ಬರು ಅರ್ಥಧಾರಿಗಳು ಎದುರುಬದುರು ಕೂತರೆ ಅಷ್ಟರಲ್ಲೇ ಗಂಟೆಗಟ್ಟಲೆ ವಾದ ನಡೆದೀತು. ಕಾಸರಗೋಡು ಸೀಮೆಯವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಇಂದಿಗೂ ಅದರ ಮಾತೆತ್ತುತ್ತಾರೆ. ರಾಮನ ಪಕ್ಷಕ್ಕೆ ಒಲಿದು ಬಂದ ಪ್ರೇಕ್ಷಕ ವಾಲಿಯ ಪಕ್ಷಕ್ಕೆ ವಾಲಿ ಎದ್ದುಹೋಗುವುದೂ ಇತ್ತು. ಮರುದಿನ ಇನ್ನೊಂದೂರಿನಲ್ಲಿ ಬೇರೆ ರಾಮ, ಬೇರೆ ವಾಲಿ, ತೂಕ ಇನ್ನೊಂದು ಕಡೆಗೆ. ಪದ್ಯ ಅವೇ. ‘ನಿನ್ನೆ ವಾಲಿ ಜೋರು, ರಾಮ ಸ್ವಲ್ಪ ಸೊರಗಿದ’ ಎಂದು ಬೆಳಗ್ಗೆ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಹೇಳುವವರು ಮಾಡುತ್ತಿರುವುದು ರೂಪಾಂತರದ ವಿಮರ್ಶೆಯನ್ನೇ. ಆದರೆ ಅದರಲ್ಲಿ ‘ರಾಮಾಯಣವನ್ನೇ ಹಾಳುಮಾಡಿಬಿಟ್ಟರು’ ಎಂಬ ಕೂಗು ಅಪರೂಪ. ಹಾಳಾಗಿದ್ದರೆ ಒಂದು ರಾತ್ರಿಯ ಆಟ ಹಾಳಾಯಿತು. ರಾಮಾಯಣ ಹಾಗೆಯೇ ಇದೆ, ನಾಳೆ ಇನ್ನೊಂದು ಮೇಳ ಬರುತ್ತದೆ.

ಮುಖದ ವಿಷಯದಲ್ಲೂ ಹಾಗೆಯೇ. ಯಕ್ಷಗಾನದ ತೆಂಕುತಿಟ್ಟು ಶೈಲಿಯಲ್ಲಿ ರಾಕ್ಷಸರಾಗುವ ಬಣ್ಣದ ವೇಷದವರು ಆಟಕ್ಕೆ ಬಹಳ ಮೊದಲೇ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಕೂತು ಅಕ್ಕಿಹಿಟ್ಟು, ಸುಣ್ಣದ ಮಿಶ್ರಣದಿಂದ ಮುಖದ ತುಂಬ ಚುಟ್ಟಿ ಇಟ್ಟುಕೊಳ್ಳುತ್ತಾರೆ. ಮುಳ್ಳುಮುಳ್ಳಾಗಿ ಎದ್ದ ಆ ಬಿಳಿ ಚುಕ್ಕಿಗಳ ನಡುವೆ ಮನುಷ್ಯನ ಮುಖವೇ ಉಳಿಯುವುದಿಲ್ಲ. ರಾಕ್ಷಸ ಹೀಗೇ ಇದ್ದನೆಂದು ಯಾರೂ ನಂಬುವುದಿಲ್ಲ, ಹೀಗೇಕಿಲ್ಲ ಎಂದು ಕೇಳುವುದೂ ಇಲ್ಲ. ವೇಷವು ನಿಜದಂತೆ ಕಾಣಲು ಹೋಗದ ಕಾರಣ, ನೋಡುವವರ ಮನಸ್ಸಿನ ಚಿತ್ರಕ್ಕೆ ಅದು ಪ್ರತಿಸ್ಪರ್ಧಿಯಾಗುವುದಿಲ್ಲ. ಸಿನಿಮಾ ನಿಜದಂತೆಯೇ ಕಾಣಬೇಕೆಂದು ಹೊರಡುತ್ತದೆ. ಗ್ರಾಫಿಕ್ಸ್, ಅಂದರೆ ಗಣಕಯಂತ್ರದಲ್ಲಿ ರಚಿಸಿದ ದೃಶ್ಯಗಳು, ಎಷ್ಟು ನಿಜವೆನಿಸುತ್ತವೋ ಅಷ್ಟೇ ಖಡಾಖಂಡಿತವಾಗಿ ‘ಇದೇ ರಾವಣ’ ಎಂದು ಹೇಳಿಬಿಡುತ್ತವೆ. ಆಗ ನೋಡುಗ ‘ಅಲ್ಲ’ ಎನ್ನುತ್ತಾನೆ. ‘ಆದಿಪುರುಷ್’ ಬಗ್ಗೆ ಎದ್ದ ಗದ್ದಲದ ಬೇರು ಅರ್ಧದಷ್ಟಾದರೂ ಇಲ್ಲಿದೆ.

ಯಕ್ಷಗಾನದವರು ದೂರಿನಿಂದ ಪಾರಾಗಿದ್ದಾರೆ ಎಂದು ತಿಳಿಯಬೇಡಿ. ಈಚಿನ ವರ್ಷಗಳಲ್ಲಿ ಬೆಳಗಿನವರೆಗಿನ ಆಟ ಮಧ್ಯರಾತ್ರಿಗೆ ಮುಗಿಯುವ ಕಾಲಮಿತಿ ಆಟವಾಗಿದೆ. ಭಾಗವತರು ಪದ್ಯ ಬಿಡಬೇಕು, ಅರ್ಥಕ್ಕೆ ಕತ್ತರಿ ಬೀಳಬೇಕು, ಕೆಲವು ವೇಷಗಳು ಬಂದ ಪುಟ್ಟ ಹೋದ ಪುಟ್ಟ ಎಂಬಂತಾಗುತ್ತವೆ. ಹಳಬರು ಗೊಣಗುವುದನ್ನು ಕಿವಿಗೊಟ್ಟು ಕೇಳಿದರೆ ಹ್ಯಾರಿ ಪಾಟರ್ ಓದುಗರ ದೂರಿಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸ. ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದವರು, ಮಕ್ಕಳನ್ನು ಕರೆತರುವವರು ಮಾತ್ರ ಕಾಲಮಿತಿಯನ್ನು ಸ್ವಾಗತಿಸಿದ್ದಾರೆ. ಇಲ್ಲೂ ಕೆಲವರು ಕೊಟ್ಟದ್ದನ್ನು, ಕೆಲವರು ಕೊಂಡದ್ದನ್ನು ನೋಡುತ್ತಿದ್ದಾರೆ.

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ಸಿನಿಮಾದ ವಿಷಯದಲ್ಲಿ ಜಗಳ ಬಿಸಿಯೇರಲು ನನಗೆ ತೋರುವ ಮುಖ್ಯ ಕಾರಣ ಅದರ ಖರ್ಚು. ನೂರಾರು ಕೋಟಿ ಸುರಿದು ಮಾಡಿದ ಮೇಲೆ ಅದೇ ಕಥೆಯನ್ನು ಮರುವರ್ಷ ಇನ್ನೊಬ್ಬರು ಮಾಡಲಾರರು. ಕಥೆಯ ಹಕ್ಕು ಒಂದೇ ಕಂಪನಿಯ ಕೈಯಲ್ಲಿದ್ದರಂತೂ ಮಾತೇ ಇಲ್ಲ. ಆದ್ದರಿಂದ ಒಂದು ತಲೆಮಾರಿಗೆ ಒಂದೇ ಹ್ಯಾರಿ. ಅದು ಹಿಡಿಸದವನಿಗೆ ನಾಳೆ ಇನ್ನೊಂದು ಮೇಳ ಇಲ್ಲ. ಇದ್ದ ಒಂದೇ ಅವಕಾಶವನ್ನು ಕಳೆದರಲ್ಲಾ ಎಂಬ ಸಂಕಟವೇ ಸಿಟ್ಟಾಗಿ ಹೊರಬರುತ್ತದೆ.

ಈ ಸ್ಥಿತಿ ನಿಧಾನವಾಗಿ ಬದಲಾಗುತ್ತಿದೆ. ಫಿಲಿಪ್ ಪುಲ್‌ಮನ್ ಅವರ ಮೂರು ಪುಸ್ತಕಗಳ ಸರಣಿಯಲ್ಲಿ ಮೊದಲನೆಯದು 2007ರಲ್ಲಿ ‘ದಿ ಗೋಲ್ಡನ್ ಕಂಪಾಸ್’ ಆಗಿ ಬಂದು, ಉಳಿದೆರಡು ಪರದೆ ಕಾಣದೆ ನಿಂತುಹೋಯಿತು. 2019ರಿಂದ 2022ರವರೆಗೆ ಅದೇ ಕಥೆ ಕಿರುತೆರೆಯಲ್ಲಿ ಪುಸ್ತಕಕ್ಕೊಂದು ಸರಣಿಯಂತೆ ಪೂರ್ತಿಯಾಯಿತು. ರಿಕ್ ರಿಯೋರ್ಡನ್ ಅವರ ‘ಪರ್ಸಿ ಜಾಕ್ಸನ್’ ಎರಡು ಸಿನಿಮಾಗಳಾದರೂ ಲೇಖಕರಿಗೇ ಒಗ್ಗಲಿಲ್ಲ. 2023ರಿಂದ ಅವರೂ ಕೈಜೋಡಿಸಿದ ಧಾರಾವಾಹಿ ಬರುತ್ತಿದೆ. ಹ್ಯಾರಿ ಪಾಟರ್ ಕೂಡ ಹೊಸ ನಟರೊಂದಿಗೆ ಧಾರಾವಾಹಿಯಾಗಲಿದೆ ಎಂದು 2023ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಸಿನಿಮಾದ ಎರಡೂವರೆ ಗಂಟೆಯ ಜಾಗದಲ್ಲಿ ಎಂಟು ಹತ್ತು ಗಂಟೆ ಸಿಕ್ಕಿದರೆ ನಕಾಶೆಯ ಗುಟ್ಟಿಗೂ ಪೀವ್ಸನ ತುಂಟಾಟಕ್ಕೂ ಜಾಗವಾದೀತು. ಉದ್ದ ಹೆಚ್ಚಿದ ಮಾತ್ರಕ್ಕೆ ಗುಣ ಹೆಚ್ಚದು ಎಂಬುದಕ್ಕೂ ಸಾಕ್ಷಿ ಇದೆ. ಟಾಲ್ಕಿನ್ ಅವರ ‘ದಿ ಹಾಬಿಟ್’ ಚಿಕ್ಕದೊಂದು ಪುಸ್ತಕ. ಅದನ್ನು ಮೂರು ಸಿನಿಮಾಗಳಿಗೆ ಎಳೆದಾಗ, ಬಿಟ್ಟದ್ದಕ್ಕಲ್ಲ, ಸೇರಿಸಿದ್ದಕ್ಕೆ ಜನ ಬೇಸರಪಟ್ಟರು.

ನನ್ನ ಅಭಿಪ್ರಾಯ ಇಷ್ಟು. ಒಂದು ಕಥೆ ಎರಡು, ಮೂರು ಸಲ ಪರದೆಗೆ ಬರುವುದನ್ನು ನಕಲು ಎಂದು ಹೀಗಳೆಯಬೇಕಿಲ್ಲ. ಯಶ್ ಅವರ ರಾವಣ ಹಿಡಿಸದಿದ್ದರೆ ಹಿಡಿಸಲಿಲ್ಲ ಎನ್ನಿ. ಯಾವ ಸನ್ನಿವೇಶ ಬಿಟ್ಟರು, ಅದರ ಬದಲಿಗೆ ಏನು ತಂದರು ಎಂದು ಬೆರಳಿಟ್ಟು ಹೇಳಿ. ಬೆಳಗ್ಗಿನ ಚಹಾದ ಮೇಜಿನಲ್ಲಿ ವಾಲಿಯನ್ನು ತೂಗಿದವರಿಗೆ ಅದು ಕಷ್ಟವಾಗದು.

ಮನೆಯಲ್ಲಿ ಓದುವ ವಯಸ್ಸಿನ ಮಕ್ಕಳಿರುವವರಿಗೆ ಒಂದು ವಿನಂತಿ. ಪುಸ್ತಕ ಮೊದಲಿರಲಿ, ಸಿನಿಮಾ ಆಮೇಲೆ. ಓದಿ ನೋಡಿದ ಮಗುವಿಗೆ ಹೆಚ್ಚೆಂದರೆ ನಿರಾಸೆಯಾದೀತು, ಮತ್ತು ಆ ನಿರಾಸೆಯಲ್ಲಿ ‘ನಾನು ಅಂದುಕೊಂಡದ್ದು ಹೀಗಲ್ಲ’ ಎಂದು ಹೇಳಲು ಅದರ ಬಳಿ ಸ್ವಂತದ್ದೊಂದು ಚಿತ್ರ ಇರುತ್ತದೆ. ನೋಡಿ ಓದಿದ ಮಗುವಿಗೆ ಪುಟಪುಟದಲ್ಲೂ ನಟರ ಮುಖವೇ ಕಾಣುತ್ತದೆ, ಅದನ್ನು ಒರೆಸಿಹಾಕುವುದು ದೊಡ್ಡವರಿಗೂ ಆಗದ ಕೆಲಸ. 2026ರ ದೀಪಾವಳಿಗೆ ಮೊದಲು ಮಕ್ಕಳಿಗೆ ರಾಮಾಯಣದ ಒಂದು ಒಳ್ಳೆಯ ಕನ್ನಡ ಪುಸ್ತಕ ಕೊಡಿಸಿ. ಸಾಧ್ಯವಾದರೆ ಹತ್ತಿರದಲ್ಲಿ ಎಲ್ಲಾದರೂ ವಾಲಿಯ ತಾಳಮದ್ದಳೆ ಇದ್ದಾಗ ಜೊತೆಯಲ್ಲಿ ಕರೆದುಕೊಂಡು ಹೋಗಿ.